ಕತೆಯೂ ಅವರದೇ, ಚಿತ್ರವೂ ಅವರದೇ

ಮಕ್ಕಳ ಚಿತ್ರಪುಸ್ತಕ ಮಾಡೋದನ್ನೇ ವೃತ್ತಿ ಮಾಡ್ಕೋಬಹುದಾ? ರಾಜೀವ್ ಐಪ್ ಮಾಡ್ಕೊಂಡಿದ್ದಾರೆ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅವರು ಕಲಿತಿದ್ದು ಅನಿಮೇಶನ್. ಬೆಂಗಳೂರಿನ ಪ್ರಥಮ್ ಬುಕ್ಸ್‌ಗೆ ‘ಅಮ್ಮಚೀಸ್ ಅಮೇಜಿಂಗ್ ಮಷೀನ್ಸ್’ ಅನ್ನೋ ಪುಸ್ತಕ ಬರೆದು, ಚಿತ್ರಾನೂ ತಾವೇ ಬಿಡಿಸಿದ್ರು. ಅದರಲ್ಲಿ ಅಜ್ಜಿ, ಮೊಮ್ಮಗ ಸೇರಿ ಕೊಬ್ಬರಿ ಮಿಠಾಯಿ ಮಾಡ್ತಾರೆ. ಆ ನೆಪದಲ್ಲೇ ಸರಳ ಯಂತ್ರಗಳ ವಿಜ್ಞಾನ ಮಕ್ಕಳ ತಲೆಗೆ ಹೋಗುತ್ತೆ.

ಚಿತ್ರಪುಸ್ತಕದ ಕೆಲಸ ಶುರುವಾಗೋದು ಬಣ್ಣದಿಂದಲ್ಲ. ಮೊದಲು ಒಂದೇ ಹಾಳೆಯಲ್ಲಿ ಎಲ್ಲ ಪುಟಗಳನ್ನೂ ಪುಟ್ಟ ಚೌಕಗಳಾಗಿ ಗೀಚಬೇಕು. ಯಾವ ಸಾಲು ಎಲ್ಲಿ, ಮಗು ಎಲ್ಲಿ ಕುತೂಹಲದಿಂದ ಪುಟ ತಿರುಗಿಸಬೇಕು ಅನ್ನೋದು ಅಲ್ಲೇ ತೀರ್ಮಾನ. ಚಿತ್ರದಲ್ಲೇ ಮಳೆ ಸುರೀತಿದ್ರೆ ‘ಮಳೆ ಬಂತು’ ಅನ್ನೋ ಸಾಲು ಹೊಡೆದುಹಾಕಿ!

ದುಡ್ಡು? ಒಂದೇ ಸಲದ ಸಂಭಾವನೆ, ಇಲ್ಲಾ ರಾಯಲ್ಟಿ. ಒಪ್ಪಂದ ಪೂರ್ತಿ ಓದಿ ಸಹಿ ಹಾಕಿ. ಕೈಯಲ್ಲಿ ಬೇರೆ ಚಿತ್ರಕೆಲಸಾನೂ ಇರಲಿ.

ಊರು ಯಾವುದಾದರೇನು? ವಾರಾಣಸಿಯ ಕಂಟೋನ್ಮೆಂಟ್‌ನಲ್ಲಿ ಕೂತು ಬಿಡಿಸಿದ್ರೂ ಫೈಲ್ ಬೆಂಗಳೂರಿಗೆ ಕ್ಷಣದಲ್ಲಿ ತಲುಪುತ್ತೆ. ಚಿತ್ರಕಲೆ ಕಲಿಯೋಕೆ ಅದೇ ಊರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗವಿದೆ.

ಆಸೆ ಇದೆಯಾ? 2015ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ತೆರೀರಿ. ಕನ್ನಡದಲ್ಲೂ ಪುಸ್ತಕಗಳಿವೆ, ಓದೋಕೆ ದುಡ್ಡು ಕೊಡಬೇಕಿಲ್ಲ. ಒಂದನ್ನ ಆರಿಸಿ, ಅಕ್ಷರ ಮುಚ್ಚಿ, ಬರೀ ಚಿತ್ರ ನೋಡ್ತಾ ಕತೆ ಹೇಳಿ ನೋಡಿ.