ಹುಟ್ಟುವಾಗಲೇ ಅವಧಿ ಬರೆಸಿಕೊಂಡ ಗಣಕಗಳು

ಹಲವು ಗಣಕಗಳಲ್ಲಿ ಹಂಚಿಕೊಂಡು ನಡೆಯುವ ದತ್ತಸಂಚಯದ ನಿಜವಾದ ಗುಣ ತಿಳಿಯುವುದು, ಅವುಗಳಲ್ಲೊಂದು ದಿಢೀರನೆ ನಿಂತಾಗ ಅಥವಾ ಎರಡರ ನಡುವಿನ ಸಂಪರ್ಕ ಕಡಿದಾಗ. ಅದನ್ನು ಪರೀಕ್ಷಿಸಲು ತಂತ್ರಜ್ಞರು ಕ್ಲೌಡ್ ಸೇವೆಯಲ್ಲಿ ನಾಲ್ಕಾರು ಗಣಕಗಳ ಗುಚ್ಛವೊಂದನ್ನು, ಅಂದರೆ ಕ್ಲಸ್ಟರನ್ನು, ಕೆಲವು ಗಂಟೆಗಳ ಮಟ್ಟಿಗೆ ಕಟ್ಟಿ, ಕೆಲಸ ಮುಗಿದ ಮೇಲೆ ಕೆಡವುತ್ತಾರೆ. ಕಟ್ಟಲು ಆಜ್ಞಾಸಾಲಿನಲ್ಲಿ ಒಂದು ಆಜ್ಞೆ ಸಾಕು. ಕಷ್ಟವಿರುವುದು ಕೆಡವುವುದನ್ನು ನೆನಪಿಡುವುದರಲ್ಲಿ.

ಅಮೆಜಾನ್ ತನ್ನ ಕ್ಲೌಡ್ ಸೇವೆಯ ಮುಂಬೈ ವಲಯವನ್ನು ತೆರೆದದ್ದು 2016ರಲ್ಲಿ. ಜೇವರ್ಗಿಯಲ್ಲೋ ಅಫಜಲಪುರದಲ್ಲೋ ಕುಳಿತ ವಿದ್ಯಾರ್ಥಿಯೂ ಇಂದು ಅಲ್ಲಿನ ಗಣಕಗಳನ್ನು ಎಬ್ಬಿಸಬಹುದು. ಆದರೆ ಊರಲ್ಲಿ ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿದರೆ ಆ ಸುದ್ದಿ ಮುಂಬೈಗೆ ಮುಟ್ಟುವುದಿಲ್ಲ. ಗಣಕಗಳು ಓಡುತ್ತಲೇ ಇರುತ್ತವೆ, ಬಾಡಿಗೆ ಏರುತ್ತಲೇ ಇರುತ್ತದೆ.

ಕಾಕ್ರೋಚ್‌ಡಿಬಿ ಎಂಬ ದತ್ತಸಂಚಯವನ್ನು ಕಟ್ಟಿದವರು ತಮ್ಮ ಪರೀಕ್ಷೆಗಳಿಗಾಗಿ ಬರೆದುಕೊಂಡ ರೋಚ್‌ಪ್ರಾಡ್ ಎಂಬ ಉಪಕರಣ ಈ ಮರೆವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಅದರ 'ಕ್ರಿಯೇಟ್' ಆಜ್ಞೆ ಕೊಡುವಾಗ ಬೇರೇನೂ ಹೇಳದಿದ್ದರೆ ಗುಚ್ಛಕ್ಕೆ 12 ಗಂಟೆಗಳ ಆಯುಷ್ಯ. ಈ ಅವಧಿಯನ್ನು ಬೇರೊಂದು ದಫ್ತರದಲ್ಲಿ ದಾಖಲಿಸುವುದಿಲ್ಲ. ಕ್ಲೌಡ್ ಸೇವೆಯಲ್ಲಿ ಆಯಾ ಗಣಕಕ್ಕೇ ಹಣೆಪಟ್ಟಿಯಾಗಿ ಅಂಟಿಸುತ್ತಾರೆ. ಹೀಗಾಗಿ ಕಟ್ಟಿದವರು ಮರೆತರೂ, ಊರಿಗೆ ಹೋದರೂ, ಕೆಲಸವನ್ನೇ ಬಿಟ್ಟರೂ ಮಾಹಿತಿ ಗಣಕದ ಜೊತೆಗೇ ಉಳಿಯುತ್ತದೆ. 'ಲಿಸ್ಟ್' ಆಜ್ಞೆ ಉಳಿದ ಆಯುಷ್ಯವನ್ನು ತೋರಿಸುತ್ತದೆ. 'ಎಕ್ಸ್‌ಟೆಂಡ್' ಆಜ್ಞೆ ಅದಕ್ಕೆ ಇನ್ನಷ್ಟು ಗಂಟೆ ಸೇರಿಸುತ್ತದೆ, 'ಡೆಸ್ಟ್ರಾಯ್' ಕೂಡಲೇ ಅಳಿಸುತ್ತದೆ. ಸಾಮಾನ್ಯವಾಗಿ ಗಂಟೆಗೊಮ್ಮೆ ಏಳುವ ಒಂದು ಕಾವಲು ಕ್ರಮವಿಧಿ ಹಣೆಪಟ್ಟಿಗಳನ್ನು ಓದಿ, ಅವಧಿ ಮೀರಿದ ಗುಚ್ಛಗಳನ್ನು ತಾನೇ ತೆರವು ಮಾಡುತ್ತದೆ.

ಇದರ ಸೊಬಗಿರುವುದು ಮೌನಕ್ಕೆ ಕೊಟ್ಟಿರುವ ಅರ್ಥದಲ್ಲಿ. ಮೊದಲು ಯಾರೂ ಏನೂ ಹೇಳದಿದ್ದರೆ ಗಣಕ ಬದುಕಿರುತ್ತಿತ್ತು; ಈಗ ಯಾರೂ ಏನೂ ಹೇಳದಿದ್ದರೆ ಅದು ಅಳಿಯುತ್ತದೆ. ಬೇಕೆನ್ನುವವರು ಮತ್ತೆ ಬಾಯಿಬಿಟ್ಟು ಕೇಳಬೇಕು. ಆಳಂದದ ಸೀಮೆಯಲ್ಲಿ ತೊಗರಿ ಹೊಲವನ್ನು ವರ್ಷದ ಲಾವಣಿಗೆ ಕೊಡುವಾಗಲೂ ಇದೇ ತರ್ಕವಿದೆ: ಮತ್ತೆ ಮಾತುಕತೆ ಆಗದಿದ್ದರೆ ವರ್ಷದ ಕೊನೆಗೆ ಹೊಲ ಒಡೆಯರಿಗೆ ಮರಳುತ್ತದೆ. ಗಣಕ ವಿಜ್ಞಾನದಲ್ಲಿ ಈ ವಿಚಾರವನ್ನು 'ಲೀಸ್' ಎಂಬ ಹೆಸರಿನಲ್ಲೇ ಖಚಿತವಾಗಿ ನಿರೂಪಿಸಿದವರು ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್, 1989ರ ಪ್ರಬಂಧವೊಂದರಲ್ಲಿ. ಅವರ ಮುಂದಿದ್ದದ್ದು ಕಡತಗಳ ನಕಲುಗಳನ್ನು ಹೊಂದಿಸುವ ಪ್ರಶ್ನೆ. ಹಕ್ಕು ಪಡೆದ ಗಣಕವೇ ಕೆಟ್ಟುಹೋದರೆ ಅದನ್ನು ಹುಡುಕಿ ಕೇಳುವ ಅಗತ್ಯವಿಲ್ಲ, ಅವಧಿ ತೀರುವವರೆಗೆ ಕಾದರೆ ಸಾಕು ಎಂಬುದು ಅವರ ಉತ್ತರ. ಉತ್ತರಿಸಲಾಗದವರ ಒಪ್ಪಿಗೆಗೆ ಕಾಯದೆಯೇ ನ್ಯಾಯವಾಗಿ ಮುಂದುವರಿಯುವ ಇಷ್ಟು ಸರಳ ದಾರಿ ಬೇರೆಲ್ಲೂ ಸುಲಭವಾಗಿ ಕಾಣಸಿಗದು.

ಅವಧಿಯನ್ನು ಎಷ್ಟಿಡಬೇಕೆಂಬುದು ಮಾತ್ರ ಮನುಷ್ಯರ ವಿವೇಚನೆಗೇ ಉಳಿಯುತ್ತದೆ. ಚಿಕ್ಕದಾದರೆ ರಾತ್ರಿಯಿಡೀ ನಡೆದ ಪರೀಕ್ಷೆ ಮುಗಿಯುವ ಮೊದಲೇ ಗುಚ್ಛ ಮಾಯವಾಗುತ್ತದೆ, ದೊಡ್ಡದಾದರೆ ಖಾಲಿ ಗಣಕಗಳಿಗೆ ಹಣ ಸೋರುತ್ತದೆ. ಕಾವಲು ಕ್ರಮವಿಧಿ ನೋಡುವುದು ಗಡಿಯಾರವನ್ನೇ ಹೊರತು ಡಿಸ್ಕಿನಲ್ಲಿರುವುದನ್ನಲ್ಲ. ಆದ್ದರಿಂದ ದೋಷದ ಜಾಡು ಹಿಡಿಯಲು ಬೇಕಾದ ದಾಖಲೆಗಳನ್ನು ಅವಧಿ ತೀರುವ ಮೊದಲೇ 'ಗೆಟ್' ಆಜ್ಞೆಯಿಂದ ತಮ್ಮ ಗಣಕಕ್ಕೆ ಇಳಿಸಿಕೊಂಡಿರಬೇಕಾಗುತ್ತದೆ.