ಕಳ್ಳಗಾಳಿ

ಸ್ಯಾಕ್ರಮೆಂಟೊದಲ್ಲಿರುವ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದವನು ಏನೂ ಮಾತಾಡದೆ ಅದನ್ನು ಗಾಡಿಯ ಬಾನೆಟ್ಟಿನ ಹತ್ತಿರ ಹಿಡಿದ. "ಕೇಳಿಸ್ತಾ ಅಣ್ಣ? ಗೇರ್ ನ್ಯೂಟ್ರಲ್‌ನಲ್ಲಿದೆ, ಪೆಡಲ್ ಮೇಲೆ ಕಾಲಿಟ್ಟಿಲ್ಲ. ಆದ್ರೂ ರೇಸ್ ಆಗ್ತಾನೇ ಇದೆ."

ಅವನದು 1986ರ ಟೊಯೋಟಾ ಪಿಕಪ್. ಬೇರೆ ದೇಶಗಳಲ್ಲಿ ಹೈಲಕ್ಸ್ ಎಂದು ಕರೆಸಿಕೊಂಡ ಗಾಡಿಯನ್ನು ಅಮೆರಿಕದಲ್ಲಿ ಬರೀ ಪಿಕಪ್ ಎಂದೇ ಮಾರಿದರು. ಒಳಗಿರುವುದು 22ಆರ್ ಎಂಜಿನ್: ನಾಲ್ಕು ಸಿಲಿಂಡರ್, 2,366 ಸಿಸಿ, ಕಾರ್ಬೊರೇಟರ್. ಬಿಸಿಯಾದ ಮೇಲೆ ನಿಮಿಷಕ್ಕೆ 700–800 ಸುತ್ತು ತಿರುಗುತ್ತಾ ನಿಲ್ಲಬೇಕಾದ ಎಂಜಿನ್ 1,400ರಿಂದ ಕೆಳಗಿಳಿಯುತ್ತಿರಲಿಲ್ಲ.

"ಐಡ್ಲಿಂಗ್ ಸ್ಕ್ರೂ ಪೂರ್ತಿ ಬಿಚ್ಚಿಬಿಟ್ಟೆ, ಏನೂ ವ್ಯತ್ಯಾಸ ಆಗ್ಲಿಲ್ಲ" ಎಂದ. ಅವನು ಸೋತ ದನಿಯಲ್ಲಿ ಹೇಳಿದ ಆ ಮಾತೇ ನನಗೆ ಸಿಕ್ಕ ಮೊದಲ ಸುಳಿವು.

ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಾವು ಆಳುವುದು ಗಾಳಿಯ ಮೂಲಕ. ಆಕ್ಸಿಲರೇಟರ್ ತುಳಿದಾಗ ತೆರೆಯುವುದು ಪೆಟ್ರೋಲಿನ ನಲ್ಲಿಯಲ್ಲ, ಕಾರ್ಬೊರೇಟರಿನ ಗಂಟಲಲ್ಲಿರುವ ಒಂದು ದುಂಡನೆಯ ತಟ್ಟೆ. ಅದೇ ಥ್ರಾಟಲ್. ಒಳನುಗ್ಗುವ ಗಾಳಿ ತನ್ನ ಪಾಲಿನ ಪೆಟ್ರೋಲನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಪೂರ್ತಿ ಉರಿಯಲು ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಬೇಕು. ಕಾಲು ತೆಗೆದಾಗ ತಟ್ಟೆ ಬಹುಪಾಲು ಮುಚ್ಚಿಕೊಂಡು, ಅಂಚಿನಲ್ಲಿ ಉಗುರಿನ ದಪ್ಪಕ್ಕೂ ಕಡಿಮೆ ಸಂದು ಉಳಿಯುತ್ತದೆ. ಐಡ್ಲಿಂಗ್ ಸ್ಕ್ರೂ ಮಾಡುವುದು ಇಷ್ಟೇ: ತಟ್ಟೆ ಪೂರ್ತಿ ಮುಚ್ಚದಂತೆ ಆ ಸಂದನ್ನು ಹಿಡಿದು ನಿಲ್ಲಿಸುವುದು. ಸ್ಕ್ರೂ ಬಿಚ್ಚಿ ತಟ್ಟೆ ಮುಚ್ಚಿದ ಮೇಲೂ ಎಂಜಿನ್ ರೇಸ್ ಆಗುತ್ತಿದೆ ಎಂದರೆ ಎರಡೇ ಸಾಧ್ಯತೆ. ತಟ್ಟೆ ನಿಜಕ್ಕೂ ಮುಚ್ಚಿಲ್ಲ, ಇಲ್ಲವೇ ಗಾಳಿ ಬೇರೆ ದಾರಿಯಲ್ಲಿ ಬರುತ್ತಿದೆ.

ಮೊದಲನೆಯದನ್ನು ನೋಡುವುದು ಸುಲಭ. ಕೇಬಲ್ ಬಿಗಿಯಾಗಿದೆಯೋ, ವಾಪಸ್ ಎಳೆಯುವ ಸ್ಪ್ರಿಂಗ್ ಸೋತಿದೆಯೋ, ತಟ್ಟೆಯ ಅಂಚಿಗೆ ಮಸಿ ಕಟ್ಟಿದೆಯೋ ಕಣ್ಣಿಗೇ ಕಾಣುತ್ತದೆ. ಹೆಚ್ಚು ಜನ ಎಡವುವುದು ಚೋಕ್ ಹತ್ತಿರ. ತಣ್ಣಗಿರುವ ಎಂಜಿನ್ ಆರಿಹೋಗದಿರಲೆಂದು ಆಟೊಮ್ಯಾಟಿಕ್ ಚೋಕ್ ಒಂದು ಮೆಟ್ಟಿಲು ಮೆಟ್ಟಿಲಾದ ತುಂಡನ್ನು ಥ್ರಾಟಲ್ ಸಲಾಕೆಗೆ ಅಡ್ಡ ತಂದು ವೇಗವನ್ನು ಬೇಕೆಂದೇ ಏರಿಸುತ್ತದೆ. ಬಿಸಿಯಾಗುತ್ತಾ ಚೋಕಿನ ಲೋಹದ ಸುರುಳಿ ಸಡಿಲವಾಗುತ್ತದೆ. ಆದರೆ ಸಲಾಕೆಯ ಒತ್ತಡದಲ್ಲಿ ಸಿಕ್ಕಿಕೊಂಡ ಆ ತುಂಡು ತಾನಾಗಿ ಜಾರುವುದಿಲ್ಲ. ಪೆಡಲನ್ನು ಒಮ್ಮೆ ಮುಟ್ಟಿ ಬಿಡಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಪೆಡಲ್ ಮುಟ್ಟದೆ ಹತ್ತು ನಿಮಿಷ ಕಾದು, ಐಡ್ಲಿಂಗ್ ಇಳಿಯಲಿಲ್ಲ ಎಂದು ಗ್ಯಾರೇಜಿಗೆ ಓಡಿದವರನ್ನು ನಾನು ಕಂಡಿದ್ದೇನೆ. ಚಿಕ್ಕಪ್ಪನ ಮಗ ವಿಡಿಯೊದಲ್ಲಿ ತೋರಿಸಿದ. ಚೋಕ್ ತೆರೆದಿತ್ತು, ಮೆಟ್ಟಿಲಿನ ತುಂಡು ಕೆಳಗಿಳಿದಿತ್ತು, ಸಲಾಕೆ ಸರಾಗವಾಗಿ ಹಿಂದಕ್ಕೆ ಬರುತ್ತಿತ್ತು.

ಉಳಿದದ್ದು ಕಳ್ಳಗಾಳಿ. ಮೆಕ್ಯಾನಿಕ್‌ಗಳ ಮಾತಿನಲ್ಲಿ 'ಏರ್ ಎಳೀತಿದೆ'. ಇಲ್ಲಿನ ಭೌತಶಾಸ್ತ್ರ ನನಗೆ ಬಹಳ ಇಷ್ಟ.

ಐಡ್ಲಿಂಗ್‌ನಲ್ಲಿ ಪಿಸ್ಟನ್‌ಗಳು ಎಳೆಯುತ್ತಿರುತ್ತವೆ, ತಟ್ಟೆ ತಡೆಯುತ್ತಿರುತ್ತದೆ. ಹೀಗಾಗಿ ನಡುವಿನ ಮ್ಯಾನಿಫೋಲ್ಡಿನಲ್ಲಿ ಒತ್ತಡ ಹೊರಗಿನ ಒತ್ತಡದ ಮೂರನೇ ಒಂದು ಭಾಗದಷ್ಟಕ್ಕೆ ಕುಸಿಯುತ್ತದೆ. ಒಂದು ಸಂದಿನ ಒಳಗಿನ ಒತ್ತಡ ಹೊರಗಿನದರ ಸುಮಾರು 53 ಪ್ರತಿಶತಕ್ಕಿಂತ ಕೆಳಗಿಳಿದರೆ ಅಲ್ಲಿ ಗಾಳಿ ಶಬ್ದದ ವೇಗದಲ್ಲಿ ನುಗ್ಗುತ್ತದೆ. ಅಲ್ಲಿಂದ ಮುಂದೆ ಎಂಜಿನ್ ಎಷ್ಟು ಜೋರಾಗಿ ಎಳೆದರೂ ಆ ಸಂದಿನಿಂದ ಬರುವ ಗಾಳಿ ಹೆಚ್ಚುವುದಿಲ್ಲ. ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತ ಹಳೆಯ ಪಿಕಪ್ಪಿನೊಳಗೆ ಗಾಳಿ ಶಬ್ದದ ವೇಗದಲ್ಲಿ ಓಡುತ್ತಿದೆ ಎಂದು ನೆನೆದಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಲೆಕ್ಕ ಹಾಕಿ ನೋಡಿ. 750 ಸುತ್ತಿನಲ್ಲಿ ಈ ಎಂಜಿನ್ನಿಗೆ ಬೇಕಾದ ಹೊರಗಿನ ಗಾಳಿ ನಿಮಿಷಕ್ಕೆ ಸುಮಾರು 300 ಲೀಟರ್. ಮೂರು ಮಿಲಿಮೀಟರ್ ಅಗಲದ ಒಂದೇ ತೂತು ನಿಮಿಷಕ್ಕೆ ಸುಮಾರು 60 ಲೀಟರ್ ಒಳಬಿಡುತ್ತದೆ, ಅಂದರೆ ಐದನೇ ಒಂದು ಪಾಲು. ಹೆದ್ದಾರಿಯಲ್ಲಿ ಅದರ ಹತ್ತಾರು ಪಟ್ಟು ಗಾಳಿ ಕುಡಿಯುವ ಎಂಜಿನ್ನಿಗೆ ಈ 60 ಲೀಟರ್ ಲೆಕ್ಕಕ್ಕೇ ಬರುವುದಿಲ್ಲ. ಓಡುವಾಗ ಚೆನ್ನಾಗಿರುವ ಗಾಡಿ ನಿಂತಾಗ ಮಾತ್ರ ರಗಳೆ ಮಾಡುವುದು ಇದಕ್ಕೇ.

ಇನ್ನೊಂದು ಪ್ರಶ್ನೆ ಉಳಿಯಿತು. ಕಳ್ಳಗಾಳಿಯ ಜೊತೆ ಪೆಟ್ರೋಲ್ ಬರುವುದಿಲ್ಲವಲ್ಲ, ಮಿಶ್ರಣ ತೆಳುವಾಗಿ ಎಂಜಿನ್ ನಡುಗಿ ನಿಲ್ಲಬೇಕಿತ್ತಲ್ಲ? ಹೌದು, ಸೀಳು ದೊಡ್ಡದಾದರೆ ಹಾಗೇ ಆಗುತ್ತದೆ. ಆದರೆ ನಡುಗುವ ಗಾಡಿಯನ್ನು ಕಂಡ ಯಾರೋ ಮಿಶ್ರಣದ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿರುತ್ತಾರೆ. ಆಗ ಕಳ್ಳಗಾಳಿಗೂ ಉರಿಯಲು ಜೊತೆ ಸಿಗುತ್ತದೆ, ನಡುಕ ನಿಂತು ವೇಗ ಏರುತ್ತದೆ. ರೋಗದ ಗುರುತನ್ನು ಅಳಿಸಿ ಹೊಸ ಗುರುತನ್ನು ಬರೆದಂತೆ. ಅದಕ್ಕೇ ನಾನು ಸ್ಕ್ರೂಡ್ರೈವರನ್ನು ಕೊನೆಗೆ ಮುಟ್ಟಿ ಎನ್ನುವುದು.

ಹುಡುಕಾಟಕ್ಕೆ ಎಂಜಿನ್ ಬಿಸಿಯಾಗಿ ಓಡುತ್ತಿರಬೇಕು. ಮ್ಯಾನಿಫೋಲ್ಡಿನಿಂದ ಹೊರಡುವ ಹೋಸ್‌ಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆತ್ತಗೆ ಹಿಸುಕು ಎಂದೆ. ಬ್ರೇಕ್ ಬೂಸ್ಟರಿನ ದಪ್ಪ ಹೋಸ್ ಮೊದಲು, ಆಮೇಲೆ ಎಂಜಿನ್ನಿನ ಹೊಗೆಯನ್ನು ಮರಳಿ ಒಳಕ್ಕೆ ಕಳಿಸುವ ವಾಲ್ವಿನದು, ಆಮೇಲೆ ಡಿಸ್ಟ್ರಿಬ್ಯೂಟರಿನ ಸಣ್ಣ ಕೊಳವೆ. ಯಾವುದನ್ನು ಹಿಸುಕಿದಾಗ ವೇಗ ತಟ್ಟನೆ ಬೀಳುತ್ತದೋ ಆ ದಾರಿಯಲ್ಲೇ ಸೋರಿಕೆ. ಯಾವುದಕ್ಕೂ ಬೀಳಲಿಲ್ಲ.

ಕೊನೆಗೆ ಉಳಿದದ್ದು ಕಾರ್ಬೊರೇಟರಿನ ಬುಡ. ಹಲವರು ಇಲ್ಲಿ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸುತ್ತಾರೆ. ಅದು ಥಟ್ಟನೆ ಹೊತ್ತಿಕೊಳ್ಳುವ ದ್ರವ. ಕಾದ ಸೈಲೆನ್ಸರ್ ಪೈಪ್, ಕಿಡಿ ಹಾರಿಸುವ ಪ್ಲಗ್ ವೈರ್ ಎರಡೂ ಪಕ್ಕದಲ್ಲೇ ಇರುವಾಗ ನಾನದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ ಸಾಕು. ನೀರಿನ ಪದರ ಸೀಳನ್ನು ಕ್ಷಣಕಾಲ ಮುಚ್ಚುತ್ತದೆ, ಅಷ್ಟರಲ್ಲಿ ವೇಗ ಕುಸಿಯುತ್ತದೆ. ಬುಡದ ಹಿಂಬದಿಗೆ ನೀರು ಬಿದ್ದದ್ದೇ ಫೋನಿನಲ್ಲಿ ಎಂಜಿನ್ನಿನ ದನಿ ತಗ್ಗಿದ್ದು ನನಗೂ ಕೇಳಿಸಿತು.

ಕಾರ್ಬೊರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಒಂದು ದಪ್ಪನೆಯ ಇನ್ಸುಲೇಟರ್ ಇರುತ್ತದೆ. ಕೆಳಗಿನ ಶಾಖ ಮೇಲೇರಿ ಪೆಟ್ರೋಲ್ ಕುದಿಯದಿರಲಿ ಎಂದು ಇಟ್ಟದ್ದು. ದಿನವೂ ಕಾದು ತಣಿದು ಸುಮಾರು ನಲವತ್ತು ವರ್ಷವಾದ ಮೇಲೆ ಅದು ಸೀಳಿತ್ತು. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಬಹುತೇಕ ಮಾಯವಾಗಿದೆ. ಹಳೆ ಬೈಕ್ ಇನ್ನೂ ಓಡಿಸುತ್ತಿರುವವರು ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರನ್ನು ಬೆರಳಿನಿಂದ ಬಗ್ಗಿಸಿ ನೋಡಲಿ. ಇದೇ ಕಾಯಿಲೆ ಅಲ್ಲಿ ಕೂರುತ್ತದೆ. ಹೋಸ್, ಬುಡ ಎರಡೂ ಸರಿಯಿದ್ದರೆ ಥ್ರಾಟಲ್ ಸಲಾಕೆಯನ್ನು ಹಿಡಿದು ಅಲುಗಾಡಿಸಬೇಕು. ಅದು ತಿರುಗುವ ತೂತು ಸವೆದಿದ್ದರೆ ಗಾಳಿ ಅಲ್ಲಿಂದಲೂ ನುಸುಳುತ್ತದೆ, ರಿಪೇರಿ ಕಷ್ಟದ್ದು.

ಮುಂದಿನ ಶನಿವಾರ ಅವನು ಹೊಸ ಇನ್ಸುಲೇಟರ್, ಎರಡು ಗ್ಯಾಸ್ಕೆಟ್ ಹಾಕಿ ಸ್ಟಾರ್ಟ್ ಮಾಡಿದ. ಎಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. "ಇನ್ನೂ ಹಾಳಾಯ್ತಲ್ಲ ಅಣ್ಣ!" ಎಂದ ಗಾಬರಿಯಿಂದ. ಹಾಳಾಗಿರಲಿಲ್ಲ. ಕಳ್ಳದಾರಿ ಮುಚ್ಚಿತ್ತು, ಸರಿದಾರಿಯನ್ನು ಅವನೇ ಸ್ಕ್ರೂ ಬಿಚ್ಚಿ ಮುಚ್ಚಿಟ್ಟಿದ್ದ. "ಈಗ ಹಿಡಿ ಸ್ಕ್ರೂಡ್ರೈವರ್" ಎಂದೆ. ಐಡ್ಲಿಂಗ್ ಸ್ಕ್ರೂ ಒಳಕ್ಕೆ ಎರಡು ಸುತ್ತು, ಮಿಶ್ರಣದ್ದು ಸ್ವಲ್ಪ ಬಿಗಿ. ಮುಳ್ಳು 750ರ ಹತ್ತಿರ ಬಂದು ನಿಂತಿತು.