ಟೌನ್ ಹಾಲಿನ ಮೆಟ್ಟಿಲು ಯಾರದು?

ಮುಂಬಯಿಯ ಫೋರ್ಟಿನಲ್ಲಿ ನೌಕರಿ ಮಾಡುವ ನಮ್ಮವರು ಹಾರ್ನಿಮನ್ ಸರ್ಕಲ್ಲಿನ ಮಗ್ಗುಲಲ್ಲಿರುವ ಟೌನ್ ಹಾಲನ್ನು ದಿನವೂ ಕಾಣುತ್ತಾರೆ. ಎದುರಿಗೆ ದಪ್ಪ ಕಂಬಗಳ ಸಾಲು. ಬೀದಿಯಿಂದ ಕಂಬಗಳವರೆಗೆ ಮೂವತ್ತು ಮೆಟ್ಟಿಲು. ಆ ಮೆಟ್ಟಿಲುಗಳ ಮೇಲೆ ಕುಳಿತು ದಣಿವಾರಿಸಿಕೊಂಡವರು ಬಹಳ. ಒಳಗೆ ಹೋದವರು ಕಡಮೆ. ‘ಅದು ವಿದ್ವಾಂಸರ ಜಾಗ, ಅಲ್ಲಿ ನಮಗೇನು ಕೆಲಸ?’ ಎಂಬ ಮಾತು ನಮ್ಮ ವಾಚನಾಲಯದಲ್ಲಿ ಆಗಾಗ ಕೇಳಿಬರುತ್ತದೆ. ಇತಿಹಾಸ ಸಂಶೋಧನೆಯ ಸಂಸ್ಥೆಯೊಂದು ಏನು ಮಾಡುತ್ತದೆ, ಅದರ ಕೆಲಸಕ್ಕೂ ಆಫೀಸಿನ ಗುಮಾಸ್ತನಿಗೂ, ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಗೆ ಹೋಗುವ ಹುಡುಗನಿಗೂ ಏನು ಸಂಬಂಧ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಆ ಕಟ್ಟಡದಲ್ಲಿರುವುದು ಮುಂಬಯಿಯ ಏಷ್ಯಾಟಿಕ್ ಸೊಸೈಟಿ. ಆಗಿನ ನ್ಯಾಯಾಧೀಶ ಸರ್ ಜೇಮ್ಸ್ ಮ್ಯಾಕಿಂಟಾಷ್ 1804ನೆಯ ನವೆಂಬರ್ 26ರಂದು ‘ಲಿಟರರಿ ಸೊಸೈಟಿ’ ಎಂಬ ಹೆಸರಿನಿಂದ ಇದನ್ನು ಆರಂಭಿಸಿದರು. 1830ರ ಹೊತ್ತಿಗೆ ಅದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯಾಯಿತು. ಟೌನ್ ಹಾಲ್ ಕಟ್ಟಿ ಮುಗಿದದ್ದು 1833ರಲ್ಲಿ. ಸೊಸೈಟಿಯ ಪತ್ರಿಕೆ 1841ರಿಂದ ಹೊರಡತೊಡಗಿತು. ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ಲಂಡನ್ನಿನ ನಂಟು ಕಳಚಿತು. ಈಗಿನ ಹೆಸರು ಬಂದದ್ದು 2002ರಲ್ಲಿ. ಮೊದಲಿಗೆ ಈ ಸಭೆ ಐರೋಪ್ಯರದೇ ಆಗಿತ್ತು. ಪಾರ್ಸಿ ಗೃಹಸ್ಥರಾದ ಮಾಣೆಕ್‌ಜಿ ಕರ್ಸೆಟ್‌ಜಿಯವರು 1840ರಲ್ಲಿ ಸದಸ್ಯರಾಗುವವರೆಗೆ ಭಾರತೀಯರಿಗೆ ಅಲ್ಲಿ ಸ್ಥಾನವಿರಲಿಲ್ಲ. ನಮ್ಮ ದೇಶದ ಇತಿಹಾಸವನ್ನು ಚರ್ಚಿಸುವ ಮನೆಯಲ್ಲಿ ನಮ್ಮವರೊಬ್ಬರು ಕುಳಿತುಕೊಳ್ಳಲು ಮೂವತ್ತಾರು ವರ್ಷ ಹಿಡಿಯಿತು. ಆದ್ದರಿಂದ ಆ ಬಾಗಿಲು ಈಗ ತೆರೆದಿರುವುದು ಸಣ್ಣ ಮಾತೆಂದು ತಿಳಿಯಬಾರದು.

ಇನ್ನು ಕನ್ನಡಿಗರಿಗೆ ಈ ಮನೆಯೊಡನೆ ಇರುವ ಸಂಬಂಧ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವೆಂಬುದು ವಾಚಕರಿಗೆ ಗೊತ್ತೇ ಇದೆ. ಹೀಗಾಗಿ ಅಲ್ಲಿಯ ಗುಡಿಗಳಲ್ಲೂ ಹೊಲಗಳಲ್ಲೂ ನಿಂತಿದ್ದ ಶಾಸನಗಳ ಸುದ್ದಿ ಮುಂಬಯಿಗೆ ಬಂತು. 1867ರಲ್ಲಿ ಸಿವಿಲ್ ಸರ್ವಿಸಿಗೆ ಸೇರಿ ಈ ಪ್ರಾಂತಕ್ಕೆ ಬಂದ ಜಾನ್ ಫೇಥ್‌ಫುಲ್ ಫ್ಲೀಟ್ ಎಂಬ ಕಂದಾಯ ಅಧಿಕಾರಿ ಹಳಗನ್ನಡ ಕಲಿತು ಶಾಸನಗಳನ್ನು ಓದತೊಡಗಿದರು. ಸವದತ್ತಿ ಮತ್ತು ಬೆಳಗಾವಿಯ ರಟ್ಟರು, ಗೋವೆಯ ಕದಂಬರು, ಸಿಂದರು ಮುಂತಾದವರ ಶಾಸನಗಳನ್ನು ಪಾಠ, ಅನುವಾದಗಳೊಡನೆ 1870ರ ದಶಕದಲ್ಲಿ ಈ ಸೊಸೈಟಿಯ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದರು. ಸವದತ್ತಿಗೆ ಸುಗಂಧವರ್ತಿ ಎಂದೂ ಬೆಳಗಾವಿಗೆ ವೇಣುಗ್ರಾಮ ಎಂದೂ ಹೆಸರಿತ್ತೆಂಬುದನ್ನು ಇಂಥ ಶಾಸನಗಳೇ ತಿಳಿಸಿದವು. ಕನ್ನಡ ಜಿಲ್ಲೆಗಳನ್ನು ಆಳಿದ ರಾಜವಂಶಗಳ ಬಗ್ಗೆ ಫ್ಲೀಟರು ಬರೆದ ಗ್ರಂಥ 1882ರಲ್ಲಿ ಹೊರಬಂತು. ಅದರ ವಿಸ್ತೃತ ರೂಪ 1896ರ ಮುಂಬಯಿ ಗ್ಯಾಸೆಟಿಯರಿನಲ್ಲಿ ಸೇರಿತು. ಅದೇ ಸಂಪುಟದಲ್ಲಿ ರಾಮಕೃಷ್ಣ ಗೋಪಾಲ ಭಾಂಡಾರ್ಕರರ ದಖ್ಖಣದ ಪ್ರಾಚೀನ ಇತಿಹಾಸವೂ ಇದೆ.

ಶಾಸನ ಓದುವುದೆಂದರೇನು? ಮೊದಲು ಕಲ್ಲನ್ನು ನೀರಿನಿಂದ ಮೆಲ್ಲಗೆ ತೊಳೆಯಬೇಕು. ನೆನೆಸಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು, ಅಕ್ಷರದ ಗುಳಿಗಳೊಳಗೆ ಇಳಿಸಬೇಕು. ಆಮೇಲೆ ಮಸಿ ಒತ್ತಿದರೆ ಅಕ್ಷರಗಳು ಬೆಳ್ಳಗೆ ಉಳಿದು, ಉಳಿದ ಭಾಗ ಕಪ್ಪಾಗುತ್ತದೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಬಳಿಕ ಲಿಪಿಯ ರೂಪ ನೋಡಿ ಶತಮಾನವನ್ನು ಅಂದಾಜು ಮಾಡುತ್ತಾರೆ. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ ಕ್ರಿಸ್ತಶಕ ಹೆಚ್ಚುಕಡಮೆ ಹೇಳಬಹುದು. ಅಷ್ಟಕ್ಕೇ ಬಿಡುವುದಿಲ್ಲ. ಸಂವತ್ಸರ, ತಿಥಿ, ವಾರ, ಗ್ರಹಣ ಇವು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಲೆಕ್ಕ ಹಾಕುತ್ತಾರೆ. ತಾಳೆಯಾಗದಿದ್ದರೆ ಶಾಸನ ಖೋಟಾ ಇರಬಹುದೇ, ಇಲ್ಲವೆ ಕೊರೆದವನೇ ತಪ್ಪಿದನೇ ಎಂದು ವಿಚಾರಿಸುತ್ತಾರೆ. ಖಾತೆಯ ಪುಸ್ತಕವನ್ನು ಪಾವತಿಯೊಡನೆ ತಾಳೆ ನೋಡುವ ಗುಮಾಸ್ತನಿಗೆ ಈ ಕೆಲಸದ ಸ್ವಭಾವ ಬೇಗ ತಿಳಿಯುತ್ತದೆ. ಊಹೆಗೆ ಇಲ್ಲಿ ಕಡೆಯ ಸ್ಥಾನ. ಚೀಟಿ ಇದ್ದರೆ ಮಾತ್ರ ಜಮಾ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಈ ಕೆಲಸ ಮಾಡಿದವರಲ್ಲಿ ಅನೇಕರು ಇತಿಹಾಸದಿಂದ ಹೊಟ್ಟೆ ಹೊರೆದವರಲ್ಲ. ಫ್ಲೀಟರದು ಕಂದಾಯದ ನೌಕರಿ. ಅಜಂತೆಯ ಶಾಸನಗಳನ್ನು ಓದಿದ ಭಾವು ದಾಜಿ ವೈದ್ಯರು. ಅವರ ಸಹಾಯಕರಾಗಿ ದೇಶವೆಲ್ಲ ತಿರುಗಿದ ಭಗವಾನ್‌ಲಾಲ್ ಇಂದ್ರಜಿ ಗುಜರಾತಿಯಲ್ಲಿ ಬರೆದರೆ, ಬೇರೆಯವರು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಆ ಭಗವಾನ್‌ಲಾಲರೇ 1882ರಲ್ಲಿ ಸೋಪಾರದ ಸ್ತೂಪವನ್ನು ಅಗೆಸಿದರು. ಇಂದು ವಿರಾರ್ ಲೋಕಲಿನಲ್ಲಿ ಹೋಗುವ ನಮ್ಮವರು ಇಳಿಯುವ ನಾಲಾಸೋಪಾರದ ಬಳಿಯ ಊರೇ ಅದು. ಕಲ್ಲಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ತಾಮ್ರ, ಬೆಳ್ಳಿ, ಕಲ್ಲು, ಸ್ಫಟಿಕ, ಚಿನ್ನದ ಭರಣಿಗಳು ಒಂದರೊಳಗೊಂದು. ಕಟ್ಟಕಡೆಗೆ ಭಿಕ್ಷಾಪಾತ್ರೆಯದೆಂದು ನಂಬಲಾದ ಮಣ್ಣಿನ ಚೂರುಗಳು. ಅವನ್ನು ಸೊಸೈಟಿ ಕಾಪಾಡಿಕೊಂಡು ಬಂದಿದೆ. 1516ರಲ್ಲಿ ಚಿತ್ರಸಹಿತ ಬರೆದ ಮಹಾಭಾರತದ ಅರಣ್ಯಪರ್ವದ ಹಸ್ತಪ್ರತಿಯೂ ಅಲ್ಲಿದೆ. ಧರ್ಮಶಾಸ್ತ್ರದ ಇತಿಹಾಸವನ್ನು 1930ರಿಂದ 1962ರವರೆಗೆ ಐದು ಸಂಪುಟಗಳಲ್ಲಿ ಹೊರತಂದ ಪಾಂಡುರಂಗ ವಾಮನ ಕಾಣೆಯವರು ವೃತ್ತಿಯಿಂದ ವಕೀಲರು. ಈ ಸೊಸೈಟಿಯ ಗ್ರಂಥಾಲಯ ಅವರ ಎರಡನೆಯ ಮನೆಯಂತಿತ್ತು. 1963ರಲ್ಲಿ ಅವರಿಗೆ ಭಾರತರತ್ನ ಬಂತು. ದಿನದ ದುಡಿಮೆ ಮುಗಿಸಿ ಮಿಕ್ಕ ಹೊತ್ತಿನಲ್ಲಿ ಓದುವುದು ನಮ್ಮ ವಾಚನಾಲಯಕ್ಕೆ ಬರುವವರಿಗೂ ಹೊಸದಲ್ಲ.

ಸಂಶೋಧನೆ ಹೀಗೆ ನಡೆಯಿತು, ಸರಿ. ಆದರೆ ಅದು ಇಂಗ್ಲಿಷ್ ಪತ್ರಿಕೆಯೊಳಗೇ ಉಳಿದಿದ್ದರೆ ಏನಾಗುತ್ತಿತ್ತು? ಸವದತ್ತಿಯ ಕಲ್ಲಿನ ಮಾತು ಮುಂಬಯಿಯಲ್ಲಿ ಅಚ್ಚಾಗಿ ಲಂಡನ್ನಿಗೆ ತಲುಪಿತು. ಸವದತ್ತಿಯ ಒಕ್ಕಲಿಗನಿಗೆ ಮಾತ್ರ ತಲುಪಲಿಲ್ಲ. ಅದನ್ನು ಅವನ ಭಾಷೆಯಲ್ಲಿ ಹೇಳಲು ಇನ್ನೊಂದು ಬಗೆಯ ಕೆಲಸ ಬೇಕಾಯಿತು. ಆಲೂರು ವೆಂಕಟರಾಯರು ಫ್ಲೀಟ್, ಭಾಂಡಾರ್ಕರ್ ಮೊದಲಾದವರ ಸಂಶೋಧನೆಯ ತಳಹದಿಯ ಮೇಲೆ ‘ಕರ್ನಾಟಕ ಗತವೈಭವ’ವನ್ನು ಕನ್ನಡದಲ್ಲಿ ಬರೆದು 1917ರಲ್ಲಿ ಪ್ರಕಟಿಸಿದರು. ಊರೂರು ತಿರುಗಿ ಮಾತನಾಡಿದರು. ಬಾದಾಮಿಯ ಚಾಲುಕ್ಯರೂ ಮಳಖೇಡದ ರಾಷ್ಟ್ರಕೂಟರೂ ನಮ್ಮವರೆಂದು ಜನರಿಗೆ ಅನಿಸಿದ್ದು ಹೀಗೆ. ಏಕೀಕರಣದ ಆಸೆಗೆ ಬಲ ಬಂದದ್ದೂ ಹೀಗೆ. ಸರಕಾರವು 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಪತ್ರಿಕೆಯಲ್ಲಿ ಹತ್ತು ಜನ ಓದಿದ ಸಂಗತಿ ಸಭೆಯಲ್ಲಿ ಸಾವಿರ ಜನಕ್ಕೆ ಮುಟ್ಟಿದಾಗಲೇ ಅದು ನಾಡಿನ ನೆನಪಾಗುತ್ತದೆ.

ಅದಕ್ಕಾಗಿಯೇ ಇಂಥ ಸಂಸ್ಥೆಗಳು ಸಾರ್ವಜನಿಕ ಉಪನ್ಯಾಸ, ಪ್ರದರ್ಶನ, ಚರ್ಚಾಕೂಟಗಳನ್ನು ಏರ್ಪಡಿಸುತ್ತವೆ. ಟೌನ್ ಹಾಲಿನ ದರ್ಬಾರ್ ಹಾಲಿನಲ್ಲಿ ನಡೆಯುವ ಉಪನ್ಯಾಸಗಳಲ್ಲಿ ಹೆಚ್ಚಿನವು ಎಲ್ಲರಿಗೂ ತೆರೆದಿರುತ್ತವೆ. ಪುಸ್ತಕವನ್ನು ಮನೆಗೆ ಒಯ್ಯಲು ಸದಸ್ಯತ್ವ ಬೇಕು. ಭಾಷಣ ಕೇಳಲು ಕಿವಿ ಸಾಕು. ಪುಣೆಯಲ್ಲಿರುವ ನಮ್ಮವರಿಗೆ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ. ವಿಶ್ವನಾಥ ಕಾಶಿನಾಥ ರಾಜವಾಡೆಯವರು ಮೆಹೆಂದಳೆಯವರ ಜೊತೆಗೂಡಿ ಅದನ್ನು 1910ರಲ್ಲಿ ಸ್ಥಾಪಿಸಿದರು. ಹಳೆಯ ಮನೆತನಗಳ ಅಟ್ಟದ ಮೇಲೆ ದೂಳು ಹಿಡಿದಿದ್ದ ಕಾಗದಪತ್ರಗಳನ್ನು ಊರೂರು ಅಲೆದು ಕೂಡಿಹಾಕಿ, ರಾಜವಾಡೆಯವರು ಮರಾಠರ ಇತಿಹಾಸದ ಸಾಧನಗಳನ್ನು ಸಂಪುಟಗಳಾಗಿ ಹೊರತಂದರು. ಆ ಕಾಗದಗಳನ್ನು ಕೊಟ್ಟವರು ಸಾಮಾನ್ಯ ಗೃಹಸ್ಥರೇ. ಅವರು ರದ್ದಿಗೆ ಹಾಕಿದ್ದರೆ ಆ ಇತಿಹಾಸವೇ ಇರುತ್ತಿರಲಿಲ್ಲ.

ಇದು ಹಳೆಯ ಕಾಲದ ಕಥೆಯೆಂದು ಭಾವಿಸಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ವೀರಗಲ್ಲೊಂದು ಹೊರಬಂತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ಕಲ್ಲಿನಲ್ಲಿ ಕಾದಿ ಮಡಿದ ಕಿತ್ತಯ್ಯನ ಹೆಸರಿದೆ. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲ್ ಎಂಬುದೂ ತಿಳಿಯಿತು. ಅದನ್ನು ಉಳಿಸಿದವರು ಶಾಸನಗಳ ಮೇಲೆ ಪ್ರೀತಿಯಿದ್ದ ನಾಗರಿಕರು ಮತ್ತು ಅಲ್ಲಿಯ ನಿವಾಸಿಗಳು; ಮುಂದೆ ಅದಕ್ಕೊಂದು ಮಂಟಪವೂ ಆಯಿತು. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಆ ಸುತ್ತಿನ ಶಾಸನಗಳನ್ನು ಯಂತ್ರದಿಂದ ಅಳೆದು, ಅಕ್ಷರದ ಆಳವೂ ಕಾಣುವಂತೆ ಗಣಕದಲ್ಲಿ ಕಾಪಿಡುವ ಕೆಲಸಕ್ಕೆ ಕೈಹಾಕಿತು. ಬರಿಗಣ್ಣಿಗೆ ಮಾಸಿಹೋದ ಅಕ್ಷರವೂ ಹೀಗೆ ಓದಲು ಸಿಗುತ್ತದೆ. ಕಲ್ಲು ಎಲ್ಲಿದೆ ಎಂದು ತೋರಿಸುವವರು ಮಾತ್ರ ಊರಿನವರೇ ಆಗಬೇಕು.

ನಾವು ವರ್ಷಕ್ಕೊಮ್ಮೆ ಜಾತ್ರೆಗೋ ಮದುವೆಗೋ ಊರಿಗೆ ಹೋಗುತ್ತೇವೆ. ದೂರದಿಂದ ಬಂದವರ ಕಣ್ಣಿಗೆ, ಅಲ್ಲೇ ಇರುವವರು ಕಾಣದ್ದು ಕಾಣುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಹಿಂಬದಿಯಲ್ಲಿ ಅಕ್ಷರಗಳಿರಬಹುದು. ಕೆರೆಯ ಏರಿಯ ಮೇಲೆ ವೀರಗಲ್ಲು ಮಗುಚಿ ಬಿದ್ದಿರಬಹುದು. ಆಸ್ತಿ ಪಾಲಾಗಿ ಹಳೆಯ ಮನೆ ಕೆಡವುವಾಗ ಪೆಟ್ಟಿಗೆಯಲ್ಲಿ ಕಡತ, ತಾಳೆಗರಿಗಳು ಸಿಗಬಹುದು. ಆಗ ಮಾಡಬೇಕಾದದ್ದು ಇಷ್ಟು. ಕಲ್ಲನ್ನು ಇಟ್ಟಿಗೆ ಚೂರಿನಿಂದ ತಿಕ್ಕಬೇಡಿ, ಸುಣ್ಣ, ಬಣ್ಣ, ಎಣ್ಣೆ ಬಳಿಯಬೇಡಿ, ಜಾಗ ಬದಲಿಸಬೇಡಿ. ಬೆಳಿಗ್ಗೆ ಇಲ್ಲವೆ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಮೊಬೈಲಿನಿಂದ ಚಿತ್ರ ತೆಗೆಯಿರಿ. ಆಗ ಅಕ್ಷರದ ನೆರಳು ಎದ್ದು ಕಾಣುತ್ತದೆ. ಊರು, ತಾಲೂಕು, ಹೊಲದ ಗುರುತು ಬರೆದಿಟ್ಟುಕೊಳ್ಳಿ. ಊರಿನ ಹಿರಿಯರಿಗೂ ಶಾಲೆಯ ಮಾಸ್ತರಿಗೂ ತಿಳಿಸಿ, ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ನೆಲದಲ್ಲಿ ಹೂತ ನಾಣ್ಯವೋ ತಾಮ್ರಪಟವೋ ಸಿಕ್ಕರೆ ಮುಚ್ಚಿಡಬೇಡಿ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಲೇಬೇಕೆಂದು 1878ರ ಕಾಯಿದೆ ಹೇಳುತ್ತದೆ. ಕಾಗದಪತ್ರವಾದರೆ ರದ್ದಿಯವನಿಗೆ ಕೊಡುವ ಮೊದಲು ಓದಬಲ್ಲ ಒಬ್ಬರಿಗೆ ತೋರಿಸಿ.

ಉಪನ್ಯಾಸಕ್ಕೆ ಹೋದಾಗಲೂ ಸುಮ್ಮನೆ ತಲೆದೂಗಿ ಬರಬೇಕಾಗಿಲ್ಲ. ‘ಇದಕ್ಕೆ ಆಧಾರವೇನು? ಶಾಸನವೇ, ಕಾಗದವೇ, ಕೇಳಿದ ಕಥೆಯೇ?’ ಎಂದು ವಿನಯದಿಂದ ಕೇಳಬಹುದು. ಒಳ್ಳೆಯ ಸಂಶೋಧಕರಿಗೆ ಆ ಪ್ರಶ್ನೆಯಿಂದ ಸಂತೋಷವೇ ಆಗುತ್ತದೆ. ಅಭ್ಯಾಸವಾದರೆ, ಜಾತಿಯ ಹೆಸರಿನಲ್ಲೋ ಭಾಷೆಯ ಹೆಸರಿನಲ್ಲೋ ಯಾರೋ ಕಟ್ಟಿದ ಸುಳ್ಳು ಇತಿಹಾಸ ಕಿವಿಗೆ ಬಿದ್ದಾಗಲೂ ಅದೇ ಪ್ರಶ್ನೆ ಬಾಯಿಗೆ ಬರುತ್ತದೆ. ಈ ಲಾಭ ಸಣ್ಣದಲ್ಲ.

ಟೌನ್ ಹಾಲಿನ ಮೆಟ್ಟಿಲು ಯಾರದು ಎಂದು ಕೇಳಿದೆವಷ್ಟೆ. ಒಳಗಿನ ಕಪಾಟುಗಳಲ್ಲಿರುವ ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಸವದತ್ತಿ ಇದೆ, ಬೆಳಗಾವಿ ಇದೆ, ನಮ್ಮ ಹಿರಿಯರು ಕೊಟ್ಟ ದಾನ, ತೋಡಿಸಿದ ಬಾವಿ, ಕಟ್ಟಿಸಿದ ಗುಡಿಗಳ ಲೆಕ್ಕವಿದೆ. ಆ ಲೆಕ್ಕವನ್ನು ನೋಡುವ ಹಕ್ಕು ನಮಗೂ ಇದೆ. ಮುಂದಿನ ಉಪನ್ಯಾಸದ ದಿನವನ್ನು ವಿಚಾರಿಸಿಕೊಂಡು, ಪಕ್ಕದ ಖೋಲಿಯ ಗೆಳೆಯರೊಬ್ಬರನ್ನೂ ಕರೆದುಕೊಂಡು ಹೋಗಿಬನ್ನಿ ಎಂಬುದೇ ವಾಚಕರಲ್ಲಿ ನಮ್ಮ ಬಿನ್ನಹ.